ಹಿಂದಕ್ಕೆ ಒರಗದ ಕುರ್ಚಿ

ಸೊರಬ
ಗುರುವಾರ

ಪ್ರಿಯ ಚನ್ನೇಶ್ ಅವರಿಗೆ,

ಈ ಪತ್ರ ಅಂಚೆಯಲ್ಲಿ ಬಂದದ್ದಲ್ಲ. ಮನೆಯಲ್ಲಿ ನೀಲಾಂಬಿಕ ಅವರು ನಿಮ್ಮ ಕೈಗೆ ಕೊಡುವ ಹಸಿರು ಬಣ್ಣದ ಉದ್ದನೆಯ ಚೀಲದ ದಾರಕ್ಕೆ ಇದನ್ನು ಕಟ್ಟಿದ್ದೇನೆ. ಚೀಲವನ್ನು ಆಮೇಲೆ ಬಿಚ್ಚಿ. ಮೊದಲು ಇದನ್ನು ಓದಿ. ಕನ್ನಡಕ ಹಾಕಿಕೊಳ್ಳಿ, ನನ್ನ ಅಕ್ಷರ ಸಣ್ಣದು.

ಫೋನಿನಲ್ಲಿ ಹೇಳಬಹುದಿತ್ತು. ಹೇಳಲು ಹೊರಟಾಗಲೆಲ್ಲ ನೀವು ಮಾತನ್ನು ಮಳೆಯ ಕಡೆಗೋ ಸಿಮೆಂಟಿನ ದರದ ಕಡೆಗೋ ತಿರುಗಿಸಿದಿರಿ, ನಾನೂ ತಿರುಗಲು ಬಿಟ್ಟೆ. ಎದುರೆದುರು ಕೂತು ಹೇಳುವ ಅಭ್ಯಾಸ ನಮ್ಮಿಬ್ಬರಿಗೂ ಇಲ್ಲ. ಇಷ್ಟು ವರ್ಷವಾದರೂ ನಾವು 'ರೀ' ಬಿಟ್ಟು ಮಾತಾಡಿದವರಲ್ಲ. ನನ್ನ ಕೈಯಲ್ಲಿ ಯಾವಾಗಲೂ ಇರುವ ಅನುವಾದದ ಕಾದಂಬರಿಗಳನ್ನು ನೋಡಿ ನೀವೊಮ್ಮೆ ಕೇಳಿದ್ದಿರಿ: "ಅಲ್ರೀ ಭಟ್ರೇ, ನಿಮ್ಮ ಪುಸ್ತಕದಾಗ ಎಲ್ಲಾರೂ ಪತ್ರ ಬರ್ಕಂತ ಕುಂತಿರ್ತಾರಲ್ಲ, ಅವರ ಊರಾಗೆ ಯಾರಿಗೂ ಕೆಲಸಿಲ್ಲೇನು?" ಇರುತ್ತದೆ, ಬಿಟ್ಟು ಬರೆಯುತ್ತಾರೆ ಎಂದಿದ್ದೆ. ಇವತ್ತು ಕನ್ನಡಕದಂಗಡಿಯಲ್ಲಿ ನನಗೂ ಕೆಲಸವಿತ್ತು. ನಾಳೆಗೆ ಇಟ್ಟಿದ್ದೇನೆ.

ನಮ್ಮ ಪರಿಚಯ ನಿಮ್ಮ ಅಂಗೈಯಿಂದ ಶುರುವಾಯಿತು. ನಿಮಗೆ ನೆನಪಿದೆಯೋ ಇಲ್ಲವೋ. ನಿಮ್ಮ ಅಕ್ಕನ ಮನೆಗೆಂದು ಸೊರಬಕ್ಕೆ ಬಂದವರು, ಬೈಕನ್ನು ಹೊರಗೆ ನಿಲ್ಲಿಸಿ, ಮೈತುಂಬ ಧೂಳಿನಲ್ಲೇ ನನ್ನ ಅಂಗಡಿಗೆ ಬಂದಿರಿ. ನಲವತ್ತು ದಾಟಿದವರಿಗೆಲ್ಲ ಬರುವ ತೊಂದರೆ. ಓದಿ ನೋಡಲು ಅಕ್ಷರದ ಹಲಗೆ ಕೊಟ್ಟರೆ ಅದನ್ನು ಪಕ್ಕಕ್ಕಿಟ್ಟು, ಎಡ ಅಂಗೈಯನ್ನು ಮುಖದ ಮುಂದೆ ಹಿಡಿದು, "ಪೇಪರ್ ಕಾಣದಿದ್ರೂ ನಡೀತೈತ್ರೀ. ಇಷ್ಟು ದೂರದ್ದು ಚಲೋ ಕಾಣಬೇಕು" ಎಂದಿರಿ. ಅಂಗೈಯಲ್ಲಿ ಏನೂ ಇರಲಿಲ್ಲ. ಅಂಗಿಯೊಳಗೆ ಎದೆಯ ಮೇಲೆ ಲಿಂಗದ ಕರಡಿಗೆಯ ಉಬ್ಬು ಕಂಡಿತು, ಅರ್ಥವಾಯಿತು. ಅಳತೆಪಟ್ಟಿಯನ್ನು ನಿಮ್ಮ ಕಣ್ಣಿನಿಂದ ಅಂಗೈವರೆಗೆ ಹಿಡಿದೆ. ಆ ಅಳತೆಗೇ ಗಾಜು ಮಾಡಿಕೊಟ್ಟೆ. ಮುಂದಿನ ವಾರ ನೀವು ಮತ್ತೆ ಬಂದು "ಕಾಣ್ತೈತ್ರೀ" ಎಂದಷ್ಟೇ ಹೇಳಿ, ಹೊರಗೆ ನಿಂತಿದ್ದ ನನ್ನ ಬೈಕನ್ನು ಸುತ್ತಿ ನೋಡಿ, ಇದರಲ್ಲಿ ಎಲ್ಲೆಲ್ಲಿಗೆ ಹೋಗಿದ್ದೀರಿ ಎಂದು ಕೇಳಿದಿರಿ. ಅಂಗಡಿಗೂ ಮನೆಗೂ ಎಂದೆ. ನೀವು ನಕ್ಕ ರೀತಿಗೆ ನನಗೆ ನಾಚಿಕೆಯಾಯಿತು.

ಆಮೇಲಿನದೆಲ್ಲ ನಿಮಗೇ ಗೊತ್ತು. ಎಷ್ಟು ಗುಡ್ಡ, ಎಷ್ಟು ಕೆರೆ ಏರಿ, ಎಷ್ಟು ಹಿನ್ನೀರಿನ ದಂಡೆ. ಮೊದಲ ಸಲ ಟೆಂಟು ಇರಲಿಲ್ಲ, ನಿಮ್ಮ ಕಬ್ಬಿಣದಂಗಡಿಯ ತಾಡಪಾಲು ಇತ್ತು. ನಾನು ಹೇಳಬೇಕೆಂದಿರುವುದು ಬೆಳಗಿನ ಹೊತ್ತಿನ ವಿಷಯ. ನೀವು ತಣ್ಣೀರಿನಲ್ಲಿ ಮಿಂದು, ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಸಿ, ಕಾಲು ಮಡಚಿ ಕೂರುತ್ತಿದ್ದಿರಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಬಿಲ್ವಪತ್ರೆ, ವಿಭೂತಿ. ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರೆ ಬೆನ್ನು ನೆಟ್ಟ ಕಂಬದ ಹಾಗೆ ನಿಲ್ಲುತ್ತಿತ್ತು. ನಾನು ಸ್ವಲ್ಪ ದೂರದಲ್ಲಿ ಒಂದು ಕಲ್ಲಿನ ಮೇಲೆ ಪುಸ್ತಕ ಹಿಡಿದು ಕೂರುತ್ತಿದ್ದೆ. ಒಲೆಯ ಮೇಲೆ ಚಹಾದ ನೀರು. ಪೂಜೆಯಾಗದೆ ನೀವು ಏನನ್ನೂ ಮುಟ್ಟುವುದಿಲ್ಲವಾದ್ದರಿಂದ ನಾನೂ ಪುಡಿ ಹಾಕುತ್ತಿರಲಿಲ್ಲ. ಕರಡಿಗೆ ಮುಚ್ಚಿದ ಮೇಲೆ ನೀವು ಆಡುತ್ತಿದ್ದ ಮೊದಲ ಮಾತು ಯಾವಾಗಲೂ ಒಂದೇ: "ಯಾವ ದೇಶದಾಗ ಅದೀರಿ ಇವತ್ತು?" ಜಪಾನ್ ಎಂದೋ, ರಷ್ಯಾ ಎಂದೋ ಹೇಳುತ್ತಿದ್ದೆ. "ಅಲ್ಲಿ ಚಾ ಸಿಗ್ತೈತೇನು ನೋಡ್ರಿ" ಎನ್ನುತ್ತಿದ್ದಿರಿ. ಆಗ ಪುಡಿ ಹಾಕುತ್ತಿದ್ದೆ.

ದೇವರ ವಿಷಯದಲ್ಲಿ ನನಗೆ ಹೇಳುವಂಥದ್ದೇನೂ ಇಲ್ಲ. ನಮ್ಮ ಮನೆಯ ಸಂಧ್ಯಾವಂದನೆ ನನ್ನಿಂದ ಯಾವತ್ತೋ ಬಿಟ್ಟುಹೋಯಿತು. ಆದರೆ ಒಬ್ಬ ಮನುಷ್ಯ ತನ್ನ ಅಂಗೈಯನ್ನೇ ಅಷ್ಟು ಹೊತ್ತು ನೋಡುತ್ತಿರುವಾಗ ಅವನ ಪಕ್ಕದಲ್ಲಿ ಕೂತು ಓದಿದ ಪುಟಗಳು ನನಗೆ ಮರೆತಿಲ್ಲ. ಮನೆಯಲ್ಲಿ ಓದಿದ್ದು ಮರೆತಿದೆ.

ಹೋದ ವರ್ಷ ನಿಮ್ಮ ಎರಡೂ ಮಂಡಿಗಳ ಆಪರೇಷನ್ ಆಯಿತು. ಬೈಕು ಓಡಿಸಬಹುದು, ನೆಲದ ಮೇಲೆ ಕೂರುವುದು ಮಾತ್ರ ಇನ್ನು ಇಲ್ಲ ಎಂದರು ಡಾಕ್ಟರು. ನೀವು ಶಿಕಾರಿಪುರದಿಂದ ಶಿರಾಳಕೊಪ್ಪದ ಅಂಗಡಿಗೆ ಮತ್ತೆ ಬೈಕಿನಲ್ಲೇ ಓಡಾಡತೊಡಗಿದಿರಿ ಎಂದು ತಿಳಿದಾಗ ನಾನು ಟೆಂಟನ್ನು ಬಿಸಿಲಿಗೆ ಹಾಕಿದೆ. ನೆಲ ಆಗುವುದಿಲ್ಲವಾದರೆ ಕುರ್ಚಿ ಆಗುತ್ತದೆ. ಸಮಸ್ಯೆ ನನಗೆ ಅಷ್ಟು ಸರಳವಾಗಿ ಕಂಡಿತು. ಮೊದಲನೆಯದನ್ನು ಆನ್‌ಲೈನಿನಲ್ಲಿ ತರಿಸಿದೆ. ಮಡಚಿದರೆ ನೀರಿನ ಬಾಟಲಿಯಷ್ಟೇ, ಸ್ಯಾಡಲ್ ಬ್ಯಾಗಿನ ಮೂಲೆಯಲ್ಲಿ ಕೂರುತ್ತದೆ, ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಬಹಳ ಹೆಮ್ಮೆಯಿಂದ ತಂದು ನಿಮ್ಮ ಪಡಸಾಲೆಯಲ್ಲಿ ಬಿಡಿಸಿದೆ. ನೀವು ಕೂತಿರಿ. ಬಟ್ಟೆ ಜಗ್ಗಿ, ಮಂಡಿ ಎದೆಯ ಮಟ್ಟಕ್ಕೆ ಬಂತು, ತಲೆ ಹಿಂದಕ್ಕೆ ವಾಲಿತು. ಏಳಲು ಹೋದರೆ ಕುರ್ಚಿಯೂ ನಿಮ್ಮ ಜೊತೆಗೇ ಎದ್ದಿತು. ನೀಲಾಂಬಿಕ ಅವರು ಒಳಗಿನಿಂದ ಬಂದು ನೋಡಿ, "ಭಟ್ರೇ, ಕುರ್ಚಿ ತಂದೀರೋ ಬಾವಿ ತಂದೀರೋ?" ಎಂದರು. ಎಲ್ಲರೂ ನಕ್ಕೆವು, ನೀವೂ ನಕ್ಕಿರಿ. ಆದರೆ ಕುರ್ಚಿಯನ್ನು ನೀವೇ ಮಡಚಿ, ಕೊಳವೆಗಳನ್ನು ಒಂದೊಂದಾಗಿ ಜೋಡಿಸಿ, ಚೀಲಕ್ಕೆ ತುಂಬಿ ನನ್ನ ಕೈಗಿಟ್ಟಿರಿ. "ಈ ಸಲ ನೀವು ಹೋಗಿ ಬರ್ರಿ. ನಾನು ಬಂದ್ರೆ ನಿಮ್ಮ ಚಾ ತಡ ಆಗ್ತೈತಿ" ಎಂದಿರಿ.

ಆ ಮಾತನ್ನು ನಾನು ತಮಾಷೆ ಎಂದುಕೊಂಡೆ.

ಹೋಗಿ ಬಂದೆ. ಈಸೂರಿನ ಆಚೆ, ನೀರು ಕಾಣುವಲ್ಲಿ, ನಾವು ಯಾವಾಗಲೂ ಟೆಂಟು ಹಾಕುವ ಶಿವಮೂರ್ತಪ್ಪನವರ ಹೊಲದಂಚಿಗೇ ಹೋದೆ. ಅವರು ದೂರದಿಂದಲೇ ಕೂಗಿದರು: "ಜೋಡಿ ಎಲ್ಲಿ ಬಿಟ್ರಿ? ಎತ್ತಿನಗಾಡಿ ಒಂದೇ ಎತ್ತು ಕಟ್ಕಂಡು ಬಂದಂಗೈತಲ್ಲ." ಕೆಲಸವಿತ್ತಂತೆ ಎಂದೆ. ಅವರು ನನ್ನ ಮುಖ ನೋಡಿ, ಹಾಸಲು ಒಣಹುಲ್ಲು ಕೊಟ್ಟರು. ಎಂದಿನಂತೆ ಇಬ್ಬರಿಗಾಗುವಷ್ಟು. ಬೆಳಿಗ್ಗೆ ನೀರು ಕುದಿಯಿತು. ಕಾಯುವ ಕಾರಣವಿರಲಿಲ್ಲ, ಆದರೂ ಪುಡಿ ಹಾಕಲು ಕೈ ಬರಲಿಲ್ಲ. ನೀರು ಆರಿತು, ಮತ್ತೆ ಕುದಿಸಿದೆ. ಪುಸ್ತಕದಲ್ಲಿ ಹಿಮ ಬೀಳುತ್ತಿತ್ತು. ಯಾವ ದೇಶ ಎಂದು ಯಾರೂ ಕೇಳಲಿಲ್ಲ. ಮಧ್ಯಾಹ್ನಕ್ಕೇ ಟೆಂಟು ಬಿಚ್ಚಿದೆ.

ಏಳಲು ಕಷ್ಟವಾಗುವುದರಿಂದಲೇ ನೀವು ಬರಲೊಲ್ಲಿರಿ ಎಂದು ನಾನು ತೀರ್ಮಾನಿಸಿದ್ದೆ. ಹಾಗಾಗಿ ಎರಡನೆಯ ಕುರ್ಚಿ ಎತ್ತರದ್ದು, ಎರಡು ಕಡೆ ಕೈ ಇದ್ದದ್ದು, ಕೈಯಲ್ಲಿ ಲೋಟ ಇಡಲು ಜಾಲರಿ ಬೇರೆ. ನಮ್ಮ ಮನೆಯಾಕೆ ವಾಗ್ದೇವಿ ನೋಡಿ, "ಶಾಮಿಯಾನದ ಅಂಗಡಿ ಇಡೋ ಯೋಚನೆ ಇದ್ಯಾ?" ಎಂದಳು. ಅದನ್ನು ಹೊತ್ತು ಶಿಕಾರಿಪುರಕ್ಕೆ ಬಂದ ದಿನ ನೀವು ಇನ್ನೂ ಅಂಗಡಿಯಿಂದ ಬಂದಿರಲಿಲ್ಲ. ನೀಲಾಂಬಿಕ ಅವರು ಗೇಟಿನಲ್ಲೇ ಅದನ್ನು ಬಿಡಿಸಿ ನೋಡಿ, ನಿಟ್ಟುಸಿರುಬಿಟ್ಟು ಹೇಳಿದರು:

"ಏಳೋದು ಕಷ್ಟ ಅಂತ ಅಲ್ರೀ ಭಟ್ರೇ. ಪೂಜೆದು ಅವರಿಗೆ ಚಿಂತೆ. ಮನೇಲಿ ಕಟ್ಟಿಗೆ ಕುರ್ಚಿ ಐತಿ, ನೆಟ್ಟಗೆ ಕುಂತು ಮಾಡ್ತಾರೆ. ಅವತ್ತು ನೀವು ಹೋದ ಮ್ಯಾಲೆ ಏನಂದ್ರು ಗೊತ್ತೇನು? ದೇವರನ್ನ ಅಂಗೈಯಾಗ ಇಟ್ಕಂಡು ಹಿಂದಕ್ಕೆ ಒರಗಿ ಕುಂತ್ರೆ ಸಿನಿಮಾ ನೋಡಿದಂಗೆ ಆಗ್ತೈತಿ ಅಂದ್ರು. ಪೂಜೆ ಇಲ್ದೆ ನೀರೂ ಕುಡಿಯಲ್ಲ. ಅಲ್ಲಿಗೆ ಬಂದು ಉಪವಾಸ ಕುಂತ್ರೆ ನೀವೂ ಚಾ ಕುಡಿಯಲ್ಲ ಅಂತ ಅವರಿಗೆ ಗೊತ್ತು. ನಾನು ಹೇಳ್ದೆ ಅಂತ ಹೇಳಬ್ಯಾಡ್ರಿ ಮತ್ತೆ."

ಹೇಳಬೇಡಿ ಎಂದಿದ್ದರು. ಬರೆಯಬೇಡಿ ಎಂದಿರಲಿಲ್ಲ. ಅವರ ಮೇಲೆ ಸಿಟ್ಟಾಗಬೇಡಿ.

ಗೇಟಿನಲ್ಲಿ ನಿಂತೇ ನಿಮ್ಮ ಮೊದಲ ದಿನದ ಅಂಗೈ ನೆನಪಾಯಿತು. ಅಳತೆ ಹಿಡಿದವನು ನಾನೇ. ಆದರೂ ಮಂಡಿಯನ್ನು ಅಳೆದೆ, ತೂಕವನ್ನು ಅಳೆದೆ, ಚೀಲವನ್ನು ಅಳೆದೆ, ಅದೊಂದನ್ನು ಬಿಟ್ಟೆ.

ಮಾರನೆಯ ವಾರ ಶಿವಮೊಗ್ಗಕ್ಕೆ ಹೋದೆ. ಟೆಂಟು, ಹೆಲ್ಮೆಟ್ಟು ಮಾರುವ ಪ್ರದೀಪ್ ಎಂಬ ಹುಡುಗನ ಅಂಗಡಿಯಲ್ಲಿ ಇದ್ದ ಕುರ್ಚಿಗಳನ್ನೆಲ್ಲ ಬಿಡಿಸಿ ಇಡಿಸಿದೆ. ಇಂಥ ಕುರ್ಚಿ ಮಾಡುವವರು ಒಂದು ವಿಷಯವನ್ನು ಮೊದಲೇ ತೀರ್ಮಾನಿಸಿಬಿಟ್ಟಿದ್ದಾರೆ: ಮನುಷ್ಯ ಬೈಕು ಹತ್ತಿ ಅಷ್ಟು ದೂರ ಹೋಗುವುದು ಒರಗಿಕೊಳ್ಳಲಿಕ್ಕೆ. ಮಡಚಿದಾಗ ಎಷ್ಟು ಚಿಕ್ಕದೋ ಬಿಡಿಸಿದಾಗ ಅಷ್ಟೇ ತಗ್ಗು, ಅಷ್ಟೇ ಜೋಲು. ಮೂರು ಕಾಲಿನ ಸ್ಟೂಲು ನೆಟ್ಟಗೆ ಕೂರಿಸುತ್ತದೆ, ಆದರೆ ಒಂದು ಕಾಲು ಹಸಿ ಮಣ್ಣಿಗೆ ಇಳಿದರೆ ಮುಗಿಯಿತು. ನಾನು ಜೇಬಿನ ಕವಳದ ಸಂಚಿಯಿಂದ ಒಂದು ಅಡಿಕೆ ತೆಗೆದು ಎಡ ಅಂಗೈಯಲ್ಲಿಟ್ಟು, ಒಂದೊಂದು ಕುರ್ಚಿಯ ಮೇಲೂ ಬೆನ್ನು ನೆಟ್ಟಗೆ ಮಾಡಿ ಕೂತು, ಅದನ್ನೇ ನೋಡುತ್ತ ಹೋದೆ. ಪ್ರದೀಪ್ ಬಹಳ ಹೊತ್ತು ತಡೆದುಕೊಂಡು ಕೊನೆಗೆ ಕೇಳಿದ: "ಸರ್, ಕುರ್ಚಿ ಶಾಸ್ತ್ರ ಏನಾದ್ರೂ ನೋಡ್ತಿದೀರಾ?" ಸ್ನೇಹಿತರೊಬ್ಬರ ಪೂಜೆಗೆ ಎಂದೆ. ಅವನು ನಗಲಿಲ್ಲ. ಒಳಗೆ ಹೋಗಿ ಇದನ್ನು ತಂದ. "ಇದನ್ನ ಯಾರೂ ಕೇಳಲ್ಲ ಸರ್. ಒರಗಕ್ಕೆ ಬರಲ್ಲ ಅಂತಾರೆ."

ಈಗ ಚೀಲ ಬಿಚ್ಚಬಹುದು.

ಮಡಚಿದರೆ ಛತ್ರಿಯಷ್ಟು ಉದ್ದ. ಬ್ಯಾಗಿನೊಳಗೆ ಹೋಗುವುದಿಲ್ಲ. ಹಿಂದಿನ ಸೀಟಿನ ಮೇಲೆ ಅಡ್ಡಲಾಗಿ, ಟೆಂಟಿನ ಜೊತೆಗೆ ಕಟ್ಟಬೇಕು. ಮೊದಲನೆಯದಕ್ಕಿಂತ ಭಾರ. ಎತ್ತರ ನಿಮ್ಮ ಕಟ್ಟಿಗೆ ಕುರ್ಚಿಯಷ್ಟೇ, ನೀಲಾಂಬಿಕ ಅವರು ದಾರದಲ್ಲಿ ಅಳೆದು ಕೊಟ್ಟಿದ್ದರು. ಕಾಲುಗಳ ಕೆಳಗೆ ಅಡ್ಡಪಟ್ಟಿ ಇರುವುದರಿಂದ ಮಣ್ಣಿಗೆ ಇಳಿಯುವುದಿಲ್ಲ. ಬೆನ್ನು ಗಿಡ್ಡ, ನೇರ. ಕೂರುವ ಬಟ್ಟೆ ಮಾತ್ರ ಸ್ವಲ್ಪ ಜೋತುಬೀಳುತ್ತಿತ್ತು. ಅದನ್ನು ಶಿರಾಳಕೊಪ್ಪದಲ್ಲಿ ತಾಡಪಾಲು ಹೊಲಿಯುವ ಕೆಂಪಪ್ಪನ ಹತ್ತಿರ ಬಿಗಿ ಮಾಡಿಸಿದೆ. ಯಾರಿಗೆ ಎಂದು ಕೇಳಿದ. ಒಬ್ಬರಿಗೆ ಎಂದೆ. "ಎರಡು ಹೊಲಿಗೆ ಜಾಸ್ತಿ ಹಾಕ್ತೀನಿ ಬಿಡ್ರಿ, ಚನ್ನೇಶಣ್ಣ ತೂಕ ಅದಾರೆ" ಎಂದ. ಅವನು ನಿಮಗೆ ಆಗಲೇ ಹೇಳಿದ್ದರೆ, ಗೊತ್ತಿಲ್ಲದವರ ಹಾಗೆ ಇಲ್ಲಿಯವರೆಗೆ ಓದಿದ್ದಕ್ಕೆ ಸಂತೋಷ.

ಇದಕ್ಕೆ ಕೈಗಳಿಲ್ಲ. ಏಳುವಾಗ ಏನನ್ನು ಹಿಡಿಯುವುದು ಎಂದು ನೀವು ಯೋಚಿಸುತ್ತೀರಿ. ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ, ಕುರ್ಚಿಯನ್ನು ಅದರ ಪಕ್ಕದಲ್ಲೇ ಇಡೋಣ. ಬಲಗೈಗೆ ಲೆಗ್ ಗಾರ್ಡ್ ಸಿಗುತ್ತದೆ. ನನ್ನ ಅಂಗಡಿಯ ಮುಂದೆ ನಾನೇ ಕೂತು ಎದ್ದು ನೋಡಿದ್ದೇನೆ, ಸೊರಬದ ಅರ್ಧ ಪೇಟೆ ನನ್ನನ್ನು ನೋಡಿತು. ನನ್ನ ಕೈ ಹಿಡಿಯುವ ಅಗತ್ಯ ಬೀಳುವುದಿಲ್ಲ. ಮೊದಲು ತಂದ ಬಾವಿಯಲ್ಲಿ ನಾನು ಕೂರುತ್ತೇನೆ, ಓದುವವನಿಗೆ ಅದು ಒಳ್ಳೆಯದೇ. ನನ್ನನ್ನು ಅದರಿಂದ ಎತ್ತುವ ಕೆಲಸ ಮಾತ್ರ ನಿಮ್ಮದು.

ಕುರ್ಚಿಯ ಮೇಲೆ ಕೂತು ಮಾಡುವ ಪೂಜೆ, ನೆಲದ ಮೇಲೆ ಕೂತು ಮಾಡಿದ್ದಕ್ಕೆ ಸಮವೇ ಎಂದು ಹೇಳುವ ಅಧಿಕಾರ ನನಗಿಲ್ಲ. ನನಗೆ ಗೊತ್ತಿರುವುದು ಅಳತೆಯೊಂದೇ. ನೆಲದಿಂದ ನೀವು ಒಂದಿಷ್ಟು ಮೇಲೆ ಬಂದಿದ್ದೀರಿ, ಬದಲಾದದ್ದು ಅಷ್ಟು. ನಿಮ್ಮ ಕಣ್ಣಿಗೂ ಅಂಗೈಗೂ ಇರುವ ದೂರ ನಾನು ಅವತ್ತು ಅಳೆದಷ್ಟೇ ಇದೆ.

ಶನಿವಾರ ಮಧ್ಯಾಹ್ನದ ಮೇಲೆ ಉಡುತಡಿಯ ತಿರುವಿನಲ್ಲಿ ಬೈಕು ನಿಲ್ಲಿಸಿಕೊಂಡಿರುತ್ತೇನೆ. ಫೋನು ಮಾಡಬೇಡಿ, ಸಿಮೆಂಟಿನ ದರ ನನಗೆ ಬೇಡ. ಬಂದರೆ ಒಟ್ಟಿಗೆ ಹೋಗೋಣ. ಬರದಿದ್ದರೆ ಸಂಜೆಯವರೆಗೆ ಅಲ್ಲೇ ಓದುತ್ತ ಇದ್ದು ಮನೆಗೆ ಹೋಗುತ್ತೇನೆ. ಒಬ್ಬನೇ ಮುಂದೆ ಹೋಗುವುದಿಲ್ಲ. ಬಿಲ್ವಪತ್ರೆ ಮರೆಯಬೇಡಿ, ನನಗೆ ಮರ ಗುರುತು ಹಿಡಿಯಲು ಬರುವುದಿಲ್ಲ.

ನಿಮ್ಮ ಮಂಡಿಗೆ ಬಲ ಬರಲಿ, ಬೆನ್ನು ಹೀಗೇ ನೆಟ್ಟಗಿರಲಿ. ಭಾನುವಾರ ಬೆಳಿಗ್ಗೆ ನೀರು ಕುದಿಸಿ ಇಟ್ಟಿರುತ್ತೇನೆ. ಪುಡಿ ನೀವು ಕರಡಿಗೆ ಮುಚ್ಚಿದ ಮೇಲೆ.

ಕಾಯುವುದು ಅಭ್ಯಾಸವಾಗಿರುವ,
ನಿಮ್ಮ
ನಾಗಪತಿ ಭಟ್ಟ