ಬೆಚ್ಚಗಿರಲಿ ಎಂದು

ಶಾಂತಳ್ಳಿ, ಸೋಮವಾರಪೇಟೆ
೧೯-೧೦-೧೯೫೪, ಮಂಗಳವಾರ

ಪ್ರೀತಿಯ ಸುಲೋಚನಾ,

ನಿನಗೂ ನಮ್ಮ ಪುಟ್ಟಿಗೂ ನನ್ನ ಆಶೀರ್ವಾದ. ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಆದರೆ ನಾನು ಕ್ಷೇಮವೋ ಅಲ್ಲವೋ ಎಂಬುದೇ ನಮ್ಮ ಎರಡು ಮನೆಗಳ ನಡುವಿನ ಜಗಳವಾಗಿರುವಾಗ ಹಾಗೆ ಬರೆದರೆ ನಿಮ್ಮಪ್ಪ ನಕ್ಕಾರು. ನೀನು ಹೇಗಿದ್ದೀ? ನಿನ್ನ ಕಾಗದ ಶನಿವಾರ ಬಂತು. ಮಗು ಮಗುಚಿಕೊಳ್ಳಲು ಕಲಿತದ್ದನ್ನು ಒಂದು ಪುಟ ಬರೆದು, ನಿನ್ನ ವಿಷಯಕ್ಕೆ ಕೊನೆಯಲ್ಲಿ ಎರಡೇ ಸಾಲು ಉಳಿಸಿದ್ದೀ. ಸ್ವಲ್ಪ ಕೆಮ್ಮು, ಸಂಜೆ ಹೊತ್ತಿಗೆ ಮೈ ಬೆಚ್ಚಗಾಗುತ್ತದೆ, ಬಾಣಂತಿ ಮೈ ಹಾಗೇ ಇರುತ್ತದೆಂದು ನಿಮ್ಮವ್ವ ಹೇಳುತ್ತಾರೆ, ಕೋಣೆಯಲ್ಲಿ ಕೆಂಡ, ಸಾಂಬ್ರಾಣಿ ಎಲ್ಲವೂ ತಪ್ಪದೆ ನಡೆಯುತ್ತಿದೆ ಎಂದು. ಅತ್ತೆಯವರು ನೋಡಿಕೊಳ್ಳುವುದರಲ್ಲಿ ಕೊರತೆ ಮಾಡುವವರಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನನ್ನ ಸುದ್ದಿ ಹೇಳಿಬಿಡಬೇಕು, ಇಲ್ಲದಿದ್ದರೆ ಕುಳಿತಲ್ಲಿ ಕೂರಲಾರೆ. ಈ ಕಾಗದಕ್ಕೆ ಕುಳಿತ ಮೇಲೆ ಆಗಲೇ ಎರಡು ಸಲ ಎದ್ದು ಅಂಗಳ ಸುತ್ತಿ ಬಂದಿದ್ದೇನೆ. ಅವ್ವ ಇವನಿಗೆ ಏನಾಗಿದೆ ಎಂಬಂತೆ ನೋಡುತ್ತಿದ್ದಾಳೆ.

ಗೌರಿ ಹಬ್ಬದ ಮುಂಚೆ ಮಾವನವರು ಇಲ್ಲಿಗೆ ಬಂದ ದಿನ ಏನು ನಡೆಯಿತು ಎಂಬುದು ನಿನಗೆ ಅವರ ಬಾಯಿಂದಷ್ಟೇ ಗೊತ್ತು. ನಾನು ಹೇಳುವುದನ್ನೂ ಕೇಳು. ನಿನ್ನನ್ನೂ ಮಗುವನ್ನೂ ಯಾವಾಗ ಕಳಿಸಿಕೊಡುವುದೆಂದು ಮಾತಾಡಲು ಅವರು ಬಂದಿದ್ದರು. ಆ ಹೊತ್ತಿಗೆ ನಾನು ಏಲಕ್ಕಿ ಒಣಗಿಸುವ ಒಲೆಮನೆಯಿಂದ ಕಣ್ಣು ಕೆಂಪಗೆ ಮಾಡಿಕೊಂಡು ಕೆಮ್ಮುತ್ತ ಹೊರಗೆ ಬಂದೆ. ಅವರು ಜಗಲಿ ಹತ್ತಲೇ ಇಲ್ಲ. ಅವ್ವ ಕಾಫಿ ತಂದರೆ, ಈಗ ತಾನೇ ಪೇಟೆಯಲ್ಲಿ ಕುಡಿದೆ ಎಂದರು. ಕಾಫಿ ಎಂದರೆ ಊಟದ ಎಲೆಯಿಂದಲೂ ಏಳುವ ನಿಮ್ಮಪ್ಪ! ಆಮೇಲೆ ಅಂಗಳದಲ್ಲಿ ನಿಂತೇ ಹೇಳಿದರು: "ನೋಡಿ ನಂಜಪ್ನೋರೇ, ಕಾಯ್ಲೆ ವಾಸಿಯಾಗೈತೆ ಅನ್ನೋದು ಸುಳ್ಳು ಅಂತ ನಾನನ್ನಲ್ಲ. ಆದ್ರೆ ನಿಮ್ ಕೆಮ್ಮು ನಂಗೆ ಕೇಳುಸ್ತೈತಲ್ಲ. ಅದು ನಿಲ್ಲೋ ತನ್ಕ ಮಗೀನ ಈ ಮನೆಗೆ ಕಳ್ಸದಿಲ್ಲ." ನಾನು ಉತ್ತರ ಕೊಡಲು ಬಾಯಿ ತೆಗೆದೆ. ಬಂದದ್ದು ಮತ್ತೆ ಕೆಮ್ಮೇ. ಸಿಟ್ಟು ಬಂತು ಸುಲೋಚನಾ, ಅವರ ಮೇಲಲ್ಲ, ನನ್ನ ಎದೆಯ ಮೇಲೆ. ಕೊಡ್ಲಿಪೇಟೆಯ ನಿಮ್ಮ ಮನೆಯಲ್ಲಿ ನಾಮಕರಣದ ದಿನವೂ ನನ್ನನ್ನು ಹೊಸ್ತಿಲಾಚೆಯೇ ನಿಲ್ಲಿಸಿದರು. ನೀನು ಮಗುವಿನ ಮುಖವನ್ನು ನನ್ನ ಕಡೆ ತಿರುಗಿಸಿದೆ. ಅಪ್ಪನನ್ನು ನೋಡಿದ ಮೊದಲ ಗಳಿಗೆಯಲ್ಲೇ ಮಗಳು ಆಕಳಿಸಿದಳು, ಥೇಟ್ ನೀನು ನನ್ನ ಮಾತು ಕೇಳುವಾಗ ಮಾಡುವ ಹಾಗೆ. ಅವಳನ್ನು ಎತ್ತಿಕೊಂಡರೆ ಎಷ್ಟು ಭಾರವಿದ್ದಾಳೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಇನ್ನು ಒಲೆಮನೆಯ ಕಥೆ. ಮೈಸೂರಿನ ಕ್ಷಯದ ಆಸ್ಪತ್ರೆಯಿಂದ ಗುಣವಾಗಿ ಬಂದವನು ಮೊದಲಿನಂತೆ ತೋಟದ ಗುಡ್ಡ ಹತ್ತಲಾರದೆ ಅರ್ಧದಲ್ಲಿ ಕೂತುಬಿಡುತ್ತಿದ್ದುದು ನಿನಗೆ ಗೊತ್ತೇ ಇದೆ. ನೀನು ಹೆರಿಗೆಗೆ ಹೋದ ಮೇಲೆ ಮಳೆ ಜೋರಾಯಿತು. ಏಲಕ್ಕಿ ಕೊಯ್ಲೂ ಶುರುವಾಯಿತು. ಅವ್ವ ಹೇಳಿದಳು: "ಗುಡ್ಡ ಹತ್ಬೇಡ ಮಗ, ಥಂಡಿ ಎದೆಗೆ ಆಗದಿಲ್ಲ. ಒಲೆ ಮುಂದೆ ಬೆಚ್ಚಗೆ ಕೂತ್ಕಂಡು ಕಾಯಿಗೆ ಬೆಂಕಿ ನೋಡ್ಕೊ." ಹೆತ್ತವರಿಗೆ ಹೆಗ್ಗಣ ಮುದ್ದು, ಇಡೀ ಮನೆಯಲ್ಲಿ ಬೆಚ್ಚಗಿರುವ ಜಾಗವನ್ನು ಅವಳು ಮಗನಿಗೆ ಕೊಟ್ಟಳು. ಗಾಳಿ ನುಗ್ಗಿದರೆ ಕಾಯಿಯ ಹಸಿರು ಕೆಡುತ್ತದೆಂದು ಅಲ್ಲಿ ಬಾಗಿಲು ಮುಚ್ಚಿಯೇ ಇರಬೇಕು. ಸೌದೆಯೋ ಮಳೆಯಲ್ಲಿ ನೆಂದದ್ದು. ನಾನು ದಿನವಿಡೀ ಆ ಹೊಗೆ ಕುಡಿಯುತ್ತ ಕೂತೆ. ಕೆಮ್ಮು ಬಂತು. ಕೆಮ್ಮು ಬಂತೆಂದು ಅವ್ವ ಇನ್ನೂ ಎರಡು ಕೊರಡು ತುರುಕಿ ಕಂಬಳಿ ಹೊದಿಸಿದಳು. ಕೆಮ್ಮು ಜಾಸ್ತಿಯಾಯಿತು. ಆಮೇಲೆ ಯಾರೂ ಬಾಯಿಬಿಟ್ಟು ಹೇಳದಿದ್ದರೂ ನನ್ನ ಲೋಟ ಬೇರೆ ಗೂಡಿಗೆ ಹೋಯಿತು. ನನಗೂ ಭಯ. ಬಾಳೆಲೆಯ ಮೇಲೆ ಉಗುಳಿ, ಬೆಳಕಿಗೆ ಹಿಡಿದು, ಕೆಂಪು ಕಾಣುತ್ತದೆಯೋ ಎಂದು ನೋಡುತ್ತಿದ್ದೆ. ಹೊಗೆ ಒಲೆಯದು, ದೂರು ಹಳೇ ಕಾಯಿಲೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಮಾವನವರು ಬಂದುಹೋದ ಮೇಲೆ ತಡೆಯಲಾರದೆ ಮಡಿಕೇರಿಗೆ ಹೋದೆ. ಅಲ್ಲಿಯ ಡಾಕ್ಟರು ಕಫ ಪರೀಕ್ಷೆ ಮಾಡಿಸಿದರು, ಎದೆಯ ಎಕ್ಸ್‌ರೇ ತೆಗೆಸಿದರು. ರೋಗದ ಸುಳಿವೇ ಇಲ್ಲ ಎಂದರು. ಹಾಗಾದರೆ ಕೆಮ್ಮು ಯಾಕೆ ಎಂದು ಕೇಳಿದೆ. ದಿನಾ ಎಲ್ಲಿ ಕೂರುತ್ತೀರಿ ಎಂದು ಅವರೇ ನನ್ನನ್ನು ಕೇಳಿದರು. ಹೇಳಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನೀವು ಏಲಕ್ಕಿ ಒಣಗಿಸ್ತಿದೀರೋ, ನಿಮ್ಮನ್ನೇ ಒಣಗಿಸ್ಕೊಳ್ತಿದೀರೋ?" ಎಂದರು. ಮೊಣಕಾಲಿನ ಗಾಯ ಮಾಯ್ದರೂ ಕಲೆ ಉಳಿಯುವುದಿಲ್ಲವೇ, ಎದೆಯೊಳಗೂ ಹಾಗೆಯೇ ಅಂತೆ. ಎಡಗಡೆಯ ಶ್ವಾಸಕೋಶ ಮೇಲ್ಭಾಗದಲ್ಲಿ ಮುದುಡಿಕೊಂಡಿದೆ, ಅದು ಇನ್ನು ಅರಳುವುದಿಲ್ಲ. ಉಳಿದದ್ದನ್ನು ಹೊಗೆ, ಧೂಳು, ಬೀಡಿಗಳಿಂದ ಕಾಪಾಡಿಕೊಂಡು, ಕಿಟಕಿ ತೆಗೆದಿಟ್ಟು ಮಲಗಿ, ದಿನಾ ನಿಧಾನವಾಗಿ ನಡೆದರೆ ಸಂಸಾರ ಮಾಡಲು ಧಾರಾಳ ಸಾಕು ಎಂದರು. ಏದುಸಿರು ಬಂದಮಾತ್ರಕ್ಕೆ ಹೆದರಬೇಡಿ, ಆದರೆ ವಾರಗಟ್ಟಲೆ ಬಿಡದ ಕೆಮ್ಮಿನ ಜೊತೆ ಸಂಜೆ ಜ್ವರ ಬಂದರೆ, ಮೈ ಇಳಿದರೆ, ಒಂದು ದಿನವೂ ತಡಮಾಡದೆ ಬನ್ನಿ, ನಿಮಗಾಗಲಿ ಮನೆಯ ಬೇರೆ ಯಾರಿಗಾಗಲಿ ಎಂದೂ ಹೇಳಿದರು.

ಅವತ್ತಿನಿಂದ ನಾನು ಒಲೆಮನೆಯೊಳಗೆ ಕಾಲಿಟ್ಟಿಲ್ಲ. ಈಗ ಆಳು ಮಾರ ಬೆಂಕಿ ನೋಡಿಕೊಳ್ಳುತ್ತಾನೆ. ಅವನ ಎದೆಯೇನು ಕಲ್ಲಿನದೇ ಎಂದು ಸೂರಿಗೆ ಹೊಗೆ ಹೋಗುವ ಗೂಡು ಮಾಡಿಸಿ, ಒಣಸೌದೆಯನ್ನೇ ಹಾಕಿಸುತ್ತಿದ್ದೇನೆ. ಬಿಸಿ ಎಲ್ಲ ಆಕಾಶಕ್ಕೆ ಹೋಗುತ್ತದೆಂದು ಅವ್ವ ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ಬೆಳಿಗ್ಗೆ ಮಂಜು ಕರಗಿದ ಮೇಲೆ ಗುಡ್ಡ ಹತ್ತುತ್ತೇನೆ. ಉಸಿರು ಸಿಕ್ಕಿಕೊಂಡಾಗ ಆಳುಗಳ ಎದುರು ನಾಚಿಕೆಯಾಗಬಾರದೆಂದು, ಮೆಣಸಿನ ಬಳ್ಳಿ ಪರೀಕ್ಷಿಸುವವನಂತೆ ತಲೆಯೆತ್ತಿ ನಿಲ್ಲುತ್ತೇನೆ. ಈ ವರ್ಷ ಕೊಡಗಿನಲ್ಲೇ ನಮ್ಮ ಮೆಣಸಿನ ಬಳ್ಳಿಗಳಷ್ಟು ಪರೀಕ್ಷೆಗೊಳಗಾದ ಬಳ್ಳಿ ಇರಲಾರದು. ಮಾದಿ ಮೊನ್ನೆ ಕೇಳಿಯೇಬಿಟ್ಟಳು, "ಅಯ್ಯಾ, ದಿನಾ ಅದೇ ಬಳ್ಳೀಲಿ ಅದೇನ್ ಹುಡುಕ್ತೀರಿ?" ಎಂದು. ಕೆಮ್ಮು ಈಗ ಬೆಳಗಿನ ಹೊತ್ತು ನಾಲ್ಕು ಸಲ ಗಂಟಲು ಸರಿಮಾಡಿಕೊಳ್ಳುವಷ್ಟೇ. ಲೋಟವೂ ಹಳೇ ಗೂಡಿಗೆ ವಾಪಸಾಗಿದೆ. ಅವ್ವ ತಾನೇ ತಂದಿಟ್ಟಳು.

ಇದನ್ನೆಲ್ಲ ಮಾವನವರಿಗೆ ಓದಿ ಹೇಳು. ಡಾಕ್ಟರು ಕೊಟ್ಟ ಚೀಟಿ ನನ್ನ ಹತ್ತಿರ ಇದೆ. ದೀಪಾವಳಿ ಕಳೆದು ಒಳ್ಳೆಯ ದಿನ ನೋಡಿ ನಿಮ್ಮನ್ನು ಕಳಿಸಿಕೊಡಲಿ. ಬೇಕಾದರೆ ಅವರೂ ಬಂದು ನಾಲ್ಕು ದಿನ ಇಲ್ಲೇ ಇದ್ದು, ನಾನು ಎಷ್ಟು ಸಲ ಕೆಮ್ಮುತ್ತೇನೆಂದು ಕಿವಿಯಾರೆ ಕೇಳಲಿ. ಆದರೆ ಈ ಸಲ ಕಾಫಿ ಕುಡಿಯಲೇಬೇಕು.

ಮಾವನವರಿಗೂ ಅತ್ತೆಯವರಿಗೂ ನನ್ನ ಶರಣು ತಿಳಿಸು. ಅವ್ವ ನಿನಗೆ ಆಶೀರ್ವಾದ ಹೇಳಿ, ಮಗುವಿನ ನೆತ್ತಿಗೆ ಎಣ್ಣೆ ಮರೆಯಬೇಡ ಎಂದಿದ್ದಾಳೆ. ಪುಟ್ಟಿಗೆ ಒಂದು ಮುತ್ತು, ಸದ್ಯಕ್ಕೆ ನೀನೇ ಕೊಡು.

ನಿನ್ನ,
ನಂಜಪ್ಪ

ಮರೆತು ಬರೆಯುತ್ತಿರುವುದಲ್ಲ ಇದು. ಬೆಳಗಿನಿಂದ ಇದನ್ನು ಬರೆಯಲಾರದೆಯೇ ಮೇಲಿನದ್ದನ್ನೆಲ್ಲ ಬರೆದೆ. ಸುಲೋಚನಾ, ಹೊಗೆಗೆ ಕೆಮ್ಮು ಬರುತ್ತದೆ, ಸಂಜೆ ಜ್ವರ ಬರುವುದಿಲ್ಲ. ನನಗೆ ಶುರುವಾದದ್ದೂ ಹೀಗೆಯೇ. ದೇವರ ದಯೆಯಿಂದ ಅದು ಬರೀ ಕೆಂಡ, ಸಾಂಬ್ರಾಣಿಯ ಕಾಟವೇ ಆಗಿರಲಿ. ಆದರೆ ಬಾಣಂತಿ ಮೈ ಎಂದು ಸುಮ್ಮನಿರಬೇಡ. ಅತ್ತೆಯವರೂ ನಮ್ಮ ಅವ್ವನ ಹಾಗೆಯೇ, ಬೆಚ್ಚಗಿರಲಿ ಎಂದೇ ಮಾಡುತ್ತಿದ್ದಾರೆ, ಬೈಯಬೇಡ. ಕೆಂಡ ಹೊರಗೆ ಹಾಕಿಸಿ, ಇವತ್ತೇ ಕಿಟಕಿ ತೆಗೆಸು. ಮಗುವಿನ ಮುಖದ ಹತ್ತಿರ ಕೆಮ್ಮಬೇಡ, ಬಾಯಿಗೆ ಸೆರಗು ಹಿಡಿ. ಈ ಕಾಗದವನ್ನು ಮಧ್ಯಾಹ್ನದ ಕೊಡ್ಲಿಪೇಟೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ಮಾವನವರು ಒಳಗೆ ಕರೆಯದಿದ್ದರೆ ಅಂಗಳದಲ್ಲೇ ನಿಲ್ಲುತ್ತೇನೆ, ನನಗೇನೂ ಬೇಜಾರಿಲ್ಲ. ಅಲ್ಲಿಂದ ನೇರ ಮಡಿಕೇರಿ, ಅದೇ ಡಾಕ್ಟರ ಹತ್ತಿರ. ಏನೂ ಇಲ್ಲ ಎಂದರೆ ನಿಮ್ಮಿಬ್ಬರನ್ನೂ ಕೊಡ್ಲಿಪೇಟೆಗೇ ವಾಪಸು ಬಿಟ್ಟು, ಬಾಯಿ ಮುಚ್ಚಿಕೊಂಡು ಬರುತ್ತೇನೆ. ಇದೆ ಎಂದರೂ ಹೆದರಬೇಡ. ಈಗ ಒಳ್ಳೆಯ ಔಷಧಿ ಬಂದಿದೆ, ಅದರಿಂದಲೇ ಬದುಕಿದವನು ಇಲ್ಲಿ ಮೆಣಸಿನ ಬಳ್ಳಿ ನೋಡುತ್ತಿದ್ದಾನೆ. ಒಂದೇ ಒಂದು, ಆಗ ಮಗುವನ್ನು ಸ್ವಲ್ಪ ಕಾಲ ನಿನ್ನ ಕೈಯಿಂದ ಬಿಡಿಸಬೇಕಾಗುತ್ತದೆ. ಪರೀಕ್ಷೆ ಮಾಡಿಸಿಕೊಂಡು ಬಂದ ಎದೆ ನನ್ನದೊಂದೇ, ಹಾಗಾಗಿ ಅವಳನ್ನು ಎತ್ತಿಕೊಳ್ಳಬೇಕಾದವನು ನಾನೇ. ಅವಳನ್ನು ಎತ್ತಿಕೊಳ್ಳಬೇಕೆಂದು ಎಷ್ಟು ಹಂಬಲಿಸಿದೆ ಎಂದು ನಿನಗೆ ಗೊತ್ತು. ಆದರೆ ಹೀಗೆ ಬೇಡ ಕಣೇ, ಹೀಗೆ ಬೇಡ.