ತಟ್ಟದ ಕೈ

ಮಾರ್ಚ್ ೪, ಸೋಮವಾರ

ಇಂದು ಉಪವಾಸ. ನೀರು ಮಾತ್ರ. ಎದ್ದು ಕಸ ಗುಡಿಸಿ, ದೀಪ ಹಚ್ಚಿ, ಇವರಿಗೂ ಮಗಳಿಗೂ ತಿಂಡಿ ಮಾಡಿಟ್ಟು ಗರಡಿಯ ಕೆಲಸಕ್ಕೆ ಹೋದೆ. ಮ್ಯಾಟುಗಳೆಲ್ಲ ಬೆವರಿನ ನಾತ. ಔಷಧಿ ನೀರು ಹಾಕಿ ತಿಕ್ಕಿ ಒರೆಸಿದೆ. ಹುಡುಗಿಯರ ಮುಖ ತಾಗುವ ಜಾಗ. ದೀಪ ಇಡುವ ಜಾಗದಷ್ಟೇ ಚೊಕ್ಕಟವಾಗಿರಬೇಕು.

ಕುಸ್ತಿ ತಂಡದ ಆಯ್ಕೆ ಪಂದ್ಯ ಹತ್ತಿರ ಬಂತು. ಮಗಳ ತೂಕದ ವಿಭಾಗದಲ್ಲಿ ಒಬ್ಬಳಿಗೇ ಜಾಗ. ಇವಳಿಗೋ, ಕಡ್ಡಿಗೋ. ಕಡ್ಡಿ ಎಂದರೆ ಟೈಲರಮ್ಮನ ಮಗಳು. ಚಿಕ್ಕಂದಿನಲ್ಲಿ ಕಡ್ಡಿಯ ಹಾಗಿದ್ದಳು. ಈಗ ಅವಳ ತೋಳು ನೋಡಬೇಕು, ಆದರೆ ಹೆಸರು ಹಾಗೇ ಉಳಿದಿದೆ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಯಾರಿಗೆಂದು ಬೇಡಿಕೊಳ್ಳಲಿ... ನನ್ನ ಮಗಳಿಗೇ ಬೇಡಿಕೊಂಡೆ.

ಮಾರ್ಚ್ ೭, ಸಂಜೆ

ಹೊಸ ಪಟ್ಟು ಕಲಿತಿದ್ದಾಳೆ. ಗರಡಿಯಲ್ಲಿ ಅಭ್ಯಾಸ ಮಾಡಿದರೆ ಕಡ್ಡಿಗೆ ಗುಟ್ಟು ತಿಳಿಯುತ್ತದಂತೆ. ಅದಕ್ಕೆ ಹಾಸಿಗೆ ಹಾಸಿ ನನ್ನನ್ನು ಬೋರಲು ಮಲಗಿಸಿದಳು. ನನ್ನ ಮೊಣಕೈ ಸಂದಿಯಲ್ಲಿ ತನ್ನ ಕೈ ತೂರಿಸಿ, ಅಂಗೈಯನ್ನು ನನ್ನ ಬೆನ್ನಿಗೆ ಒತ್ತಿ, ನನ್ನ ತಲೆಯ ಕಡೆಗೆ ಸುತ್ತಿ ನಡೆದಳು. ಅಷ್ಟೇ. ಇಡೀ ಮೈ ತಾನಾಗಿ ಮಗುಚಿಕೊಂಡಿತು.

“ಬಲ ಬೇಡಮ್ಮ. ಭುಜ ಅಂದ್ರೆ ಬಾಗಿಲ ಕೀಲು ಇದ್ದ ಹಾಗೆ. ಕೀಲಿನ ಪಕ್ಕ ತಳ್ಳಿದ್ರೆ ಬಾಗಿಲು ಜಗ್ಗಲ್ಲ, ದೂರದಿಂದ ತಳ್ಳಿದ್ರೆ ಒಂದೇ ಬೆರಳು ಸಾಕು. ಮೊಣಕೈ ನನ್ನ ಕೈಲಿದ್ರೆ ನೀನೇ ನನ್ನ ಕೈಲಿದ್ದ ಹಾಗೆ.”

“ನೀನು ಹುಟ್ಟಿದಾಗಿನಿಂದ ಹಾಗೇ ಇದ್ದೀನಲ್ಲೇ.”

“ನೋವಾದ್ರೆ ಎರಡು ಸಲ ತಟ್ಟು. ತಕ್ಷಣ ಬಿಡ್ತೀನಿ. ತಟ್ಟಿದ್ರೆ ಅವಮಾನ ಏನಿಲ್ಲ.”

ತಟ್ಟಲಿಲ್ಲ. ಉಪವಾಸದ ದಿನ ಹಸಿವಾದಾಗ ಏನು ಮಾಡುತ್ತೇನೋ ಅದನ್ನೇ ಮಾಡಿದೆ — ಕಣ್ಣು ಮುಚ್ಚಿ ದೇವರ ಹೆಸರು ಹೇಳಿಕೊಂಡೆ.

“ಇನ್ನೂ ತಳ್ಳಲಾ? ನೋವಿಲ್ವಾ?”

“ಇಲ್ಲ ಕಣೇ, ತಳ್ಳು.”

ಇವರು ಸೈಕಲ್ ರಿಪೇರಿ ಅಂಗಡಿ ಮುಚ್ಚಿ ಬಂದವರು ಬಾಗಿಲಲ್ಲೇ ನಿಂತರು. “ಮದುವೆ ಆದಾಗಿನಿಂದ ನಿಮ್ಮಮ್ಮನ್ನ ಬಗ್ಗಿಸೋಕೆ ನನ್ನ ಕೈಲಿ ಆಗಿಲ್ಲ. ಅದೇನು ಪಟ್ಟು, ನನಗೂ ಹೇಳಿಕೊಡು” ಎಂದರು. ಮಗಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ, ಏಳಲು ತಡವಾದದ್ದು ಯಾರಿಗೂ ಕಾಣದ ಹಾಗೆ.

ಮಾರ್ಚ್ ೧೨

ಬಲಗೈ ಭುಜದ ಮಟ್ಟಕ್ಕೆ ಏಳುತ್ತಿಲ್ಲ. ಜಡೆ ಹೆಣೆಯಲಾಗದೆ ಗಂಟು ಹಾಕಿಕೊಂಡೆ. ಇವರು ಕೇಳಿದ್ದಕ್ಕೆ, ಮ್ಯಾಟ್ ಒರೆಸಿ ಒರೆಸಿ ಹಿಡಿದುಕೊಂಡಿದೆ ಎಂದೆ. ಸಂಜೆ ಮತ್ತೆ ಅದೇ ಪಟ್ಟು. ಪ್ರತಿ ಸಲವೂ ಅವಳು ನನ್ನ ಕೈಯನ್ನು ಬೆನ್ನ ಮೇಲೆ ಇನ್ನೂ ಸ್ವಲ್ಪ ಮೇಲಕ್ಕೆ ತಳ್ಳುತ್ತಾಳೆ. ಮಗಳ ಖುಷಿ ನೋಡಿದರೆ ತಟ್ಟಲು ಮನಸ್ಸಾಗುವುದಿಲ್ಲ.

ಗರಡಿಯಲ್ಲಿ ಇವಳಿಗೂ ಕಡ್ಡಿಗೂ ಜಗಳ. “ಇವಳಮ್ಮ ಬಟ್ಟೇಲಿ ಮ್ಯಾಟ್ ಒರೆಸ್ತಾರೆ, ಇವಳು ಬೆನ್ನಲ್ಲಿ ಒರೆಸ್ತಾಳೆ” ಎಂದಳಂತೆ ಕಡ್ಡಿ, ಎಲ್ಲರ ಎದುರು. “ನಿನ್ನ ಕೈ ಮುರೀತೀನಿ, ನೋಡ್ತಿರು” ಎಂದಳಂತೆ ಇವಳು. ಮಾತು ಬಿಟ್ಟಿದ್ದಾರೆ. ಸರಿಹೋಗುತ್ತಾರೆ.

ಮಾರ್ಚ್ ೧೫, ಸಂಜೆ

ಕಡ್ಡಿಯ ಭುಜ ಹೋಯಿತು.

ಅಭ್ಯಾಸದ ಕುಸ್ತಿ. ನಾನು ಬಕೆಟ್ ಹಿಡಿದು ಅಂಚಿನಲ್ಲೇ ನಿಂತಿದ್ದೆ. ಮಗಳು ಅದೇ ಪಟ್ಟು ಹಾಕಿದಳು. ಕಡ್ಡಿ ತಟ್ಟಿದಳು, ಇವಳು ಬಿಟ್ಟಳು. ಆದರೆ ತಟ್ಟಿದ್ದೂ ಆ ಸದ್ದೂ ಒಟ್ಟಿಗೇ. ಒದ್ದೆ ಬಟ್ಟೆ ಹರಿದ ಹಾಗೆ...

ಮನೆಗೆ ಬಂದು ಗೋಡೆಗೆ ಒರಗಿ ಕೂತಳು. ಕೂತಲ್ಲಿಂದಲೇ ಹೇಳಿದಳು: “ಇನ್ನೂ ಜಾಗ ಇತ್ತಮ್ಮ. ನಿನ್ನ ಕೈ ಇನ್ನೂ ಎಷ್ಟೋ ಮೇಲೆ ಬರುತ್ತಲ್ಲ. ಅಲ್ಲೀವರೆಗೂ ಏನೂ ಆಗಲ್ಲ ಅಂತ ಸರ್ರನೆ ತಳ್ಳಿಬಿಟ್ಟೆ.”

ಎದ್ದು ಒಳಗೆ ಹೋದೆ. ದೀಪದ ಮುಂದೆ ಕೂತೆ. ಬಾಯಿಗೆ ದೇವರ ಹೆಸರೂ ಬರಲಿಲ್ಲ.

ಮಾರ್ಚ್ ೨೧

ಕಡ್ಡಿಗೆ ಆಪರೇಷನ್ ಆಯಿತು. ಆಯ್ಕೆ ಪಂದ್ಯ ಇಬ್ಬರನ್ನೂ ಬಿಟ್ಟು ನಡೆಯಿತು. ಬೇಕೆಂದು ಮಾಡಿದ್ದಾದರೆ ಮಗಳು ಇನ್ನು ಗರಡಿಯ ಮೆಟ್ಟಿಲು ಹತ್ತುವ ಹಾಗಿಲ್ಲ ಎಂದಿದ್ದಾರೆ ಕೋಚ್.

ಇಂದು ಟೈಲರಮ್ಮ ಬಂದರು. ಅಳತೆ ಟೇಪು ಕುತ್ತಿಗೆಯಲ್ಲೇ ಇತ್ತು. ಕೂರಿ ಎಂದರೂ ಕೂರಲಿಲ್ಲ.

“ಅಕ್ಕಾ, ಕೈ ಮುರೀತೀನಿ ಅಂದಿದ್ಲಂತೆ. ಬೇಕಂತಲೇ ಮಾಡಿದ್ಲಾ? ನೀವು ಅಲ್ಲೇ ಇದ್ರಿ. ದೇವರಿಗೆ ಹೆದರೋರು ನೀವು, ನಿಮ್ಮ ಮಾತು ನಂಬ್ತೀನಿ. ಇಲ್ಲ ಅನ್ನಿ, ಕೋಚ್ ಹತ್ರ ನಾನೇ ಹೋಗಿ ಹೇಳ್ತೀನಿ.”

“ನಾಳೆ ಹೇಳ್ತೀನಮ್ಮ.”

“ಇಲ್ಲ ಅನ್ನೋಕೂ ನಾಳೆ ಬೇಕಾ ಅಕ್ಕ?” ಎಂದು ಹೊರಟುಹೋದರು.

ಬರೀ ಇಲ್ಲ ಎಂದರೆ ತಾಯಿಯ ಮಾತಾಗುತ್ತದೆ. ಯಾಕೆ ಹಾಗಾಯಿತು ಎನ್ನುವುದನ್ನೂ ಹೇಳಬೇಕು. ಹೇಳಿದರೆ ಮಗಳಿಗೆ ತಿಳಿಯುತ್ತದೆ, ಅವಳು ಮೊದಲು ಕೆಡಿಸಿದ್ದು ನನ್ನ ಭುಜವನ್ನು. ಅದನ್ನು ಅವಳು ಹೇಗೆ ಹೊರುತ್ತಾಳೆ... ಊಟ ಬಿಟ್ಟಿದ್ದಾಳೆ. “ಬೇಕಂತಲೇ ಮಾಡಿದೆನೇನೋ ಅಮ್ಮ. ನನಗೇ ಗೊತ್ತಾಗ್ತಿಲ್ಲ” ಎನ್ನುತ್ತಾಳೆ.

ಮಾರ್ಚ್ ೨೨, ಬೆಳಗ್ಗೆ

ಬಲಗೈ ಈಗ ಪೆನ್ನೂ ಹಿಡಿಯುತ್ತಿಲ್ಲ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ. ದೀಪವನ್ನೂ ಎಡಗೈಯಲ್ಲೇ ಹಚ್ಚಿದೆ.

ಸಹಿಸಿಕೋ ಎಂದು ದೇವರು ಹೇಳಿದ್ದನೇ? ನಾನೇ ಹೇಳಿಕೊಂಡದ್ದು. ಮೊದಲ ಸಂಜೆಯೇ ಒಂದು ಸಲ ಅಯ್ಯೋ ಎಂದಿದ್ದರೆ, ಎಲ್ಲಿ ನಿಲ್ಲಬೇಕೆಂದು ಆ ಕೈಗಳು ಕಲಿಯುತ್ತಿದ್ದವು.

ಮಗಳನ್ನು ಕರೆದೆ. “ರವಿಕೆ ತೋಳು ಹಾಕಿಕೊಳ್ಳೋಕೆ ಆಗ್ತಿಲ್ಲ, ಸ್ವಲ್ಪ ನನ್ನ ಕೈ ಎತ್ತು” ಎಂದೆ. ಎತ್ತಿದಳು. ಸೊಂಟ ದಾಟಿತೋ ಇಲ್ಲವೋ, ಎಡಗೈಯಿಂದ ಮಂಚದ ಹಲಗೆ ತಟ್ಟಿದೆ. ಎರಡು ಸಲ.

ಕೆಂಡ ಮುಟ್ಟಿದವಳ ಹಾಗೆ ಬಿಟ್ಟಳು.

“ಯಾವಾಗಿನಿಂದ?”

“ಮೊದಲನೇ ದಿನದಿಂದ. ನೋವಿಲ್ಲ ಅಂದಿದ್ದು ಸುಳ್ಳು. ನಿನಗೆ ಅಳತೆ ತಪ್ಪಿಸಿದ್ದು ನಾನು.”

ಇವರು ಬಂದು ನೋಡಿದರು. ಭುಜವೆಲ್ಲ ಕಪ್ಪು, ಹಳದಿ. ತಮಾಷೆ ಮಾಡಲಿಲ್ಲ. ಸೈಕಲ್ ಹತ್ತುವಾಗ ಹೇಳಿ ಕಳಿಸಿದೆ — ಟೈಲರಮ್ಮನಿಗೆ ಹೇಳಿ, ಕೋಚ್‌ಗೂ ಹೇಳಿ. ಉತ್ತರ ಸಿದ್ಧವಾಗಿದೆ. ಬಾಯಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಈ ಭುಜವನ್ನು ಕಣ್ಣಲ್ಲಿ ನೋಡಬೇಕು. ಈ ಕೈ ಹೊತ್ತು ಅಷ್ಟು ದೂರ ನಡೆಯಲಾರೆ. ಯಾರಾದರೊಬ್ಬರು ಬಂದು ಆ ಉತ್ತರ ತೆಗೆದುಕೊಂಡು ಹೋಗಲಿ, ಬೇಗ ಬರಲಿ, ಇವಳು ನನ್ನ ಭುಜದ ಹತ್ತಿರ ಕೂತವಳು ಇನ್ನೂ ಎದ್ದಿಲ್ಲ.