ರಾಣಿಯ ಹಣೆಯ ಕುಂಕುಮ

ಪೆರಿಯನಾಯಕನಪಾಳ್ಯಂ
17-11-2007, ಶನಿವಾರ ಮಧ್ಯಾಹ್ನ

ಪ್ರೀತಿಯ ರುಕ್ಮಣಿ,

ಅತ್ತೆಯ ಕಾಲಿನ ಕಟ್ಟು ಬಿಚ್ಚಿದರೇ? ಕೋಲು ಹಿಡಿದಾದರೂ ಜಗಲಿಯವರೆಗೆ ನಡೆಯುತ್ತಾರೆಯೇ? ಕೊಳ್ಳೇಗಾಲದ ಚಳಿಗೆ ನಿನ್ನ ಮಂಡಿ ಹೇಗಿದೆ? ಇಲ್ಲಿ ನಾನೂ ನಿತ್ಯಾಳೂ ಕ್ಷೇಮ, ಅಪ್ಪ ಮಗಳು ಒಟ್ಟಿಗೇ ಶಾಲೆಗೆ ಹೋಗಿ ಬರುತ್ತೇವೆ. ಅವಳ ಸಾಂಬಾರು ಈಗ ಮನುಷ್ಯರು ಉಣ್ಣುವ ಹಂತಕ್ಕೆ ಬಂದಿದೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಫೋನಿನಲ್ಲಿ ಮಾತಾಡಿದರೆ ಮೂರು ಬೀದಿಗೆ ಕೇಳಿಸುತ್ತದೆ ಎಂದು ನೀನೇ ಬೈಯುತ್ತೀ. ಕಾಗದವಾದರೆ ಭಯವಿಲ್ಲ, ನಮ್ಮ ನೇಕಾರರ ಬೀದಿಯಲ್ಲಿ ಕನ್ನಡ ಮಾತಾಡದ ಮನೆಯಿಲ್ಲ, ಕನ್ನಡ ಅಕ್ಷರ ಓದಬಲ್ಲವರು ಮಾತ್ರ ನಾವಿಬ್ಬರೇ.

ಕೇಳು ರುಕ್ಮಣಿ, ಗೆದ್ದೆ! ಶಾಲೆಯ ಗೇಟಿನೆದುರು ದಂಡಪಾಣಿ ಬ್ರೌಸಿಂಗ್ ಸೆಂಟರ್ ತೆರೆದ ದಿನದಿಂದ ನಾನು ಪಟ್ಟ ಪಾಡು ನಿನಗೆ ಗೊತ್ತು. ಎಂಟನೆಯ ತರಗತಿಯಲ್ಲಿ ಹಾಜರಿಗೆ ನಲವತ್ತೊಂದು ತಲೆ, ಮಧ್ಯಾಹ್ನದ ಗಂಟೆ ಹೊಡೆಯುವಾಗ ಮೂವತ್ತು. ಕಾವೇರಿಯ ಬಗ್ಗೆ ಪ್ರಬಂಧ ಬರೆಯಿರಿ ಎಂದರೆ, ಯಾವುದೋ ಹೋಟೆಲಿನ ಜಾಹೀರಾತಿನ ಸಮೇತ ಪ್ರಿಂಟ್ ತಂದು ಕೊಡುತ್ತಾರೆ. ಒಂದು ಕಡೆ ಟ್ಯಾಂಕಿಗೆ ನೀರು ಏರುವುದಿಲ್ಲ, ಇನ್ನೊಂದು ಕಡೆ ಗಣಿತದ ಮೇಡಂ ಪದೇಪದೇ ರಜೆ. ಇವೆಲ್ಲದರ ನಡುವೆ ಹೆಡ್‌ಮಾಸ್ಟರಾದ ನಾನು ರಸ್ತೆ ದಾಟಿ, ಆ ಅಂಗಡಿಯ ಒಂದೊಂದು ಗೂಡಿನ ಪರದೆ ಸರಿಸಿ, ಕಿವಿ ಹಿಡಿದು ಮಕ್ಕಳನ್ನು ಎಳೆದು ತರಬೇಕು. ಹರೆಯವನ್ನೆಲ್ಲ ನಾಟಕದ ಪರದೆಯ ಹಿಂದೆ ಕಳೆದವನಿಗೆ ಎಂಥ ಪರದೆ ಕೊಟ್ಟ ನೋಡು ದೇವರು! ಶಾಲೆಯ ಹೊತ್ತಿನಲ್ಲಿ ಮುಚ್ಚಪ್ಪಾ ಎಂದು ಕೈಮುಗಿದು ಕೇಳಿದೆ. ಅವನು ಏನೆಂದ ಗೊತ್ತೇ? "ಗೇಟ್ ಉಳ್ಳೇ ನೀಂಗ ರಾಜಾ ಸಾರ್, ಗೇಟ್ ವೆಳಿಯೇ ನಾನ್ ರಾಜಾ." ಗೇಟಿನ ಹೊರಗೆ ಅವನು ರಾಜನಂತೆ! ಅಂದೇ ನನ್ನ ಎದೆಯಲ್ಲಿ ಬೆಂಕಿ ಬಿತ್ತು.

ಅದಕ್ಕೆ ತುಪ್ಪ ಬಿದ್ದದ್ದು ಹೋದ ವಾರ. ನಾನು ವರಾಂಡದಲ್ಲಿ ನಡೆದರೆ ಹಿಂದಿನಿಂದ "ಮಹಾರಾಣಿ ವರ್ರಾಂಗ!" ಎಂದು, ಮಹಾರಾಣಿ ಬಂದರೆಂದು, ಪಿಸುಮಾತು, ಕಿಸಕ್ಕನೆ ನಗು. ಕೊನೆಗೆ ಕಂಪ್ಯೂಟರ್ ಮೇಡಂ ಅಳುಮುಖ ಮಾಡಿಕೊಂಡು ಇಂಟರ್ನೆಟ್‌ನಲ್ಲಿ ಆರ್ಕುಟ್ ತೆರೆದು ತೋರಿಸಿದರು. ಯಾವುದೋ ಕಳ್ಳ ಹೆಸರಿನ ಪುಟ. ಅದರಲ್ಲಿ ನಾನು! ಇಪ್ಪತ್ತರ ಹರೆಯದ ನಾನು, ನಮ್ಮ ಕಂಪನಿ ನಾಟಕದ ರಾಣಿ ಕನಕವಲ್ಲಿಯಾಗಿ, ಸೀರೆಯುಟ್ಟು, ತುಂಬಿದ ಸಭೆಯಲ್ಲಿ ಮುಡಿ ಬಿಚ್ಚಿ ಶಪಥ ಮಾಡುತ್ತಿರುವ ಫೋಟೋ. ಕೆಳಗೆ ಎಪ್ಪತ್ತಮೂರು ಜನರ ಕುಹಕ. ಒಬ್ಬ ನನ್ನನ್ನು ಹೆಣ್ಣು ಕೇಳಲು ಬರುತ್ತಾನಂತೆ! ಸಾಲದ್ದಕ್ಕೆ ಕಪ್ಪುಬಿಳುಪು ಫೋಟೋದ ಹಣೆಯಲ್ಲಿ ಕೆಂಪು ಕುಂಕುಮ. ಅಣಕಿಸಲೆಂದೇ ಕಂಪ್ಯೂಟರಿನಲ್ಲಿ ಬಳಿದಿದ್ದಾರೆ ಪಾಪಿಗಳು. ಆ ಕ್ಷಣವೇ ಕನಕವಲ್ಲಿಯಂತೆ ಪಣ ತೊಟ್ಟೆ: ಮಾಡಿದವನು ಸಿಗುವ ತನಕ ಈ ಮುಖಕ್ಕೆ ಕ್ಷೌರವಿಲ್ಲ.

ಯೋಚಿಸಿದೆ. ಆ ಫೋಟೋದ ಪ್ರತಿ ಲೋಕದಲ್ಲಿ ಎರಡೇ. ಒಂದು ನಮ್ಮ ಮನೆಯಲ್ಲಿ, ನಿನ್ನ ಸುಪರ್ದಿಯಲ್ಲಿ ಭದ್ರ. ಇನ್ನೊಂದು ಕಂಪನಿಯ ಹಾರ್ಮೋನಿಯಂ ಸೆಲ್ಲಪ್ಪನ್ ಕೈಯಲ್ಲಿತ್ತು. ಆ ಸೆಲ್ಲಪ್ಪನ್ ಯಾರು? ದಂಡಪಾಣಿಯ ಅಪ್ಪ! ದಂಡಪಾಣಿಯ ಮಗ ಯಾರು? ನಮ್ಮದೇ ಹತ್ತನೆಯ ತರಗತಿಯ ಮಣಿಕಂಠನ್, ಸಂಜೆಯಾದರೆ ಅದೇ ಅಂಗಡಿಯ ಗಲ್ಲಾದ ಮೇಲೆ ಕೂರುವವನು. ಇನ್ನೇನು ಬೇಕು ಸಾಕ್ಷಿ? ಗುರುವಾರ ಪ್ರಾರ್ಥನೆಯಲ್ಲಿ, ನಾನೂರು ಮಕ್ಕಳ ಮುಂದೆ ಅವನನ್ನು ನಿಲ್ಲಿಸಿ ಗುಡುಗಿದೆ. ಮೈಕ್ ಬೇಕಾಗಲಿಲ್ಲ. ಹುಡುಗ, "ನಾನ್ ಇಲ್ಲೆ ಸಾರ್," ನಾನಲ್ಲ ಎಂದ, ಹುಡುಗಿಯರ ಸಾಲಿನ ಕಡೆ ಒಮ್ಮೆ ನೋಡಿದ, ಆಮೇಲೆ ಬಾಯಿ ಬಿಡಲಿಲ್ಲ. ಮೂರು ದಿನ ಶಾಲೆಗೆ ಬರಬೇಡ ಎಂದು ಎಲ್ಲರೆದುರು ಹೇಳಿದೆ. ಆದರೆ ಮೂರು ದಿನದಲ್ಲಿ ತಣಿಯುವ ಸಿಟ್ಟೇ ನನ್ನದು? ಟಿಸಿ ಬರೆದು ಮೇಜಿನ ಮೇಲಿಟ್ಟಿದ್ದೇನೆ. ಸೋಮವಾರ ಅವನ ಅಪ್ಪನ ಕೈಗೇ ಕೊಡುತ್ತೇನೆ. ಪಬ್ಲಿಕ್ ಪರೀಕ್ಷೆಗೆ ಹೆಸರು ಕಳಿಸುವ ಹೊತ್ತು. ಈಗ ಹೊರಬಿದ್ದವನನ್ನು ಯಾವ ಶಾಲೆಯೂ ಸೇರಿಸಿಕೊಳ್ಳುವುದಿಲ್ಲ, ಒಂದು ವರ್ಷ ಮಣ್ಣು. ಗೇಟಿನ ಹೊರಗಿನ ರಾಜ ಗೇಟಿನ ಒಳಗೆ ಬಂದು ಅಳಲಿ, ನಾನು ಕಣ್ತುಂಬ ನೋಡಬೇಕು. ಬೆಳಿಗ್ಗೆ ಕ್ಷೌರ ಮಾಡಿಸಿಕೊಂಡೆ. ಕೆನ್ನೆ ತಣ್ಣಗಿದೆ, ಎದೆಯೂ.

ಅತ್ತೆಗೆ ನನ್ನ ನಮಸ್ಕಾರ. ಮಂಡಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ. ಜಯದ ಸುದ್ದಿ ಓದಿ ಬಾಯಿ ಸಿಹಿ ಮಾಡಿಕೋ.

ನಿನ್ನ,
ಸೋಮಸುಂದರಂ

ತಾ. ಕ.: ಕಾಗದ ಮಡಿಸುವಾಗ ನಿತ್ಯಾ, "ಅಮ್ಮನಿಗೆ ಏನ್ ಬರ್ದೆ ಅಪ್ಪಾ?" ಎಂದು ಕೇಳಿದಳು. ಅವಳಿಗೆ ಕನ್ನಡ ಓದಲು ಬಾರದಲ್ಲ, ಹುರುಪಿನಲ್ಲಿ ನಾನೇ ಗಟ್ಟಿಯಾಗಿ ಓದಿ ಹೇಳಿದೆ. ಟಿಸಿ ಎಂಬಲ್ಲಿಗೆ ಬಂದಾಗ ಎದ್ದು ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಪೂಜೆ ಗೂಡಿನ ಫೋಟೋ. ಹಣೆಯಲ್ಲಿ ಕುಂಕುಮ, ರುಕ್ಮಣಿ! ನೀನು ಆಯುಧಪೂಜೆಗೆ ಮಗ್ಗದ ಲಾಳಿ, ನನ್ನ ಕಿರೀಟ, ಆ ಫೋಟೋ ಎಲ್ಲಕ್ಕೂ ಇಡುವ ಅದೇ ಕುಂಕುಮ. "ಬದುಕಿರೋರ ಫೋಟೋಗೆ ಕುಂಕುಮ ಯಾಕೆ?" ಎಂದರೆ "ವೇಷಕ್ಕೆ ಇಟ್ಟೆ, ನಿಮಗಲ್ಲ" ಎನ್ನುತ್ತಿದ್ದೆಯಲ್ಲ, ಅದು ನನಗೆ ಹೊಳೆಯಲೇ ಇಲ್ಲ. "ನಾನೇ ಆರ್ಕುಟ್‌ಗೆ ಹಾಕ್ದೆ ಅಪ್ಪಾ. ನೀನು ಅಷ್ಟು ಅಳಗಾ, ಅಷ್ಟು ಚೆಂದ ಇದ್ದೆ, ಎಲ್ಲರೂ ನೋಡಲಿ ಅಂತ. ಅವ್ರು ಹೀಗೆಲ್ಲ ಬರೀತಾರೆ ಅಂತ ನಂಗೆ ತೆರಿಯಾದು, ಗೊತ್ತೇ ಇರ್ಲಿಲ್ಲ. ಸ್ಕ್ಯಾನ್ ಮಾಡ್ಕೊಟ್ಟಿದ್ದು ಮಣಿಯಣ್ಣ, ಅಷ್ಟೇ. ನನ್ನ ಹೆಸರು ಅವನು ಹೇಳಲೇ ಇಲ್ಲ." ಎಂದವಳೇ ನನ್ನೆದುರು ನಿಂತು ಎರಡೂ ಜಡೆ ಬಿಚ್ಚಿಬಿಟ್ಟಳು. ಅದೇ ಪ್ರಾರ್ಥನೆಯಲ್ಲಿ, ಅದೇ ನಾನೂರು ಮಕ್ಕಳ ಮುಂದೆ ನಾನು ಮಣಿಕಂಠನ್‌ಗೆ ತಪ್ಪಾಯಿತು ಎನ್ನುವ ತನಕ ಜಡೆ ಹಾಕುವುದಿಲ್ಲವಂತೆ. ಆ ಶಪಥದ ಮಾತು, ಆ ನಿಲುವು, ಕತ್ತು ಎತ್ತುವ ರೀತಿ ಎಲ್ಲ ಅವಳಿಗೆ ಕಲಿಸಿದವನು ನಾನೇ. ಎದುರಿನ ಪಾತ್ರದ ಮಾತು ಮಾತ್ರ ನಾನು ಎಂದೂ ಕಲಿತವನಲ್ಲ. ಟಿಸಿ ಹರಿದಿದ್ದೇನೆ. ಪ್ರಾರ್ಥನೆ ಸೋಮವಾರ, ದಂಡಪಾಣಿಯ ಅಂಗಡಿಗೆ ಈಗಲೇ ಹೊರಟೆ. ಅಂಚೆ ಪೆಟ್ಟಿಗೆ ಅವನ ಮೆಟ್ಟಿಲ ಪಕ್ಕದಲ್ಲೇ ಇದೆ. ಹೋಗುವಾಗ ಹಾಕುವುದಿಲ್ಲ, ಇಳಿದು ಬರುವಾಗ ಹಾಕುತ್ತೇನೆ. ಇದು ನಿನ್ನ ಕೈ ಸೇರಿದರೆ, ನಾನು ಆ ಮೆಟ್ಟಿಲು ಹತ್ತಿದೆ ಎಂದು ತಿಳಿ.